ಮೊದಲ ಗುಟುಕು ಕುಡಿದವರ ಋಣ



ಕಳೆದ ಅಮಾವಾಸ್ಯೆಯ ದಿನ ಪ್ರಸಾದ ಮುಗಿದ ಮೇಲೆ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಯೊಂದರಿಂದ ಬಂದಿದ್ದ ದಾಳಿಂಬೆ ಬೆಳೆಗಾರರೊಬ್ಬರು ಪೂಜ್ಯ ಶ್ರೀಗಳ ಮುಂದೆ ಒಂದು ಪ್ರಶ್ನೆ ಇಟ್ಟರು. ಅವರ ಧರ್ಮಪತ್ನಿಗೆ ಕ್ಯಾನ್ಸರ್. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಉಪಚಾರ ನಡೆದಿದೆ. ಅಲ್ಲಿಯ ವೈದ್ಯರು, ಹೊಸ ಔಷಧಿಯೊಂದು ಪರೀಕ್ಷೆಯ ಹಂತದಲ್ಲಿದೆ, ಒಪ್ಪಿಗೆಯಿದ್ದರೆ ಇವರನ್ನೂ ಆ ಪರೀಕ್ಷೆಯಲ್ಲಿ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿ ಕೆಲವು ಕಾಗದ ಕೊಟ್ಟು ಕಳಿಸಿದ್ದಾರೆ. "ಅಪ್ಪಾವರ, ಸಹಿ ಮಾಡಲ್ಯೋ ಬಿಡಲ್ಯೋ? ಮನಷ್ಯಾರ ಮ್ಯಾಲ ಔಷಧ ಪರೀಕ್ಷಾ ಮಾಡೂದು ಪಾಪ ಅಲ್ಲೇನ್ರಿ?" ಎಂದು ಅವರು ಕೇಳಿದರು.

ಶ್ರೀಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಪ್ರಶ್ನೆ ನಿಮ್ಮೊಬ್ಬರದಲ್ಲ, ಬಹಳ ಮನೆಗಳದು. ಕಾರ್ಯದರ್ಶಿಗಳು ಪತ್ರಿಕೆಯಲ್ಲಿ ಬರೆಯಲಿ" ಎಂದು ನನ್ನ ಕಡೆ ನೋಡಿದರು. ನನ್ನ ತಂದೆಯವರ ವಿಷಯ ಶ್ರೀಗಳಿಗೆ ಗೊತ್ತು. ಅದಕ್ಕಾಗಿಯೇ ಈ ಕೆಲಸವನ್ನು ನನಗೆ ಒಪ್ಪಿಸಿದರೆಂದು ತಿಳಿದಿದ್ದೇನೆ.

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಬಿ.ಕಾಂ. ಓದಿ ಮಠದ ಜಮಾ-ಖರ್ಚು ಬರೆಯುವವನು. ಆದ್ದರಿಂದ ಈ ವಿಷಯವನ್ನೂ ಒಂದು ಲೆಕ್ಕದ ಪುಸ್ತಕದಂತೆಯೇ ನೋಡಲು ಪ್ರಯತ್ನಿಸುತ್ತೇನೆ. ಒಂದು ಔಷಧಿ ನಮ್ಮ ಕೈಗೆ ಬರುವ ಮೊದಲು ಯಾರು ಯಾರು ಏನೇನು ಕೊಟ್ಟಿರುತ್ತಾರೆ, ಅದರಲ್ಲಿ ನಮ್ಮ ಪಾಲಿನ ಬಾಕಿ ಎಷ್ಟು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಕ್ಯಾನ್ಸರಿಗೆ ಔಷಧಿ ಕಂಡುಹಿಡಿಯುವುದು ಏಕೆ ಇಷ್ಟು ಕಷ್ಟವೆಂಬುದನ್ನು ತಿಳಿಯಬೇಕು. ನಮ್ಮ ರೈತ ಬಂಧುಗಳಿಗೆ ಇದನ್ನು ಹೇಳುವುದು ಸುಲಭ. ದ್ರಾಕ್ಷಿಗೆ ಬೂಜು ಬಂದರೆ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯುತ್ತೇವೆ. ಬೂಜಿನ ಜಾತಿಯೇ ಬೇರೆ, ಬಳ್ಳಿಯ ಜಾತಿಯೇ ಬೇರೆ. ಪ್ರಮಾಣ ತಪ್ಪದಿದ್ದರೆ ಬೂಜು ಸಾಯುತ್ತದೆ, ಬಳ್ಳಿ ಉಳಿಯುತ್ತದೆ. ಆದರೆ ಜೋಳದ ಹೊಲದಲ್ಲಿ ಹುಲ್ಲಿನ ಕಳೆ ಎದ್ದಾಗ ಏನಾಗುತ್ತದೆ? ಜೋಳವೂ ಹುಲ್ಲಿನ ಕುಲದ್ದೇ. ಹುಲ್ಲು ಸಾಯಲೆಂದು ಸಿಕ್ಕ ಔಷಧಿ ಹೊಡೆದರೆ ಜೋಳವೂ ಒಣಗೀತು. ಟೈಫಾಯಿಡ್, ಕ್ಷಯ ಮುಂತಾದ ರೋಗಗಳು ದ್ರಾಕ್ಷಿಯ ಬೂಜಿದ್ದಂತೆ, ಹೊರಗಿನಿಂದ ಬಂದ ಜೀವಿಗಳು. ಕ್ಯಾನ್ಸರ್ ಹಾಗಲ್ಲ. ಅದು ನಮ್ಮದೇ ಜೀವಕೋಶ. ಮಿತಿ ಮರೆತು ಬೆಳೆಯತೊಡಗಿದ ನಮ್ಮದೇ ಮಾಂಸ. ಅದನ್ನು ಕೊಂದು ಅದರ ಪಕ್ಕದ ಒಳ್ಳೆಯ ಕೋಶವನ್ನು ಉಳಿಸುವ ರಾಸಾಯನಿಕ ಬೇಕು. ಆದ್ದರಿಂದಲೇ ಕ್ಯಾನ್ಸರ್ ಔಷಧಿಗಳಿಂದ ಕೂದಲು ಉದುರುವುದು, ವಾಂತಿಯಾಗುವುದು, ರಕ್ತ ಕಡಿಮೆಯಾಗುವುದು. ಕಳೆಯ ಜೊತೆಗೆ ಬೆಳೆಗೂ ಸ್ವಲ್ಪ ತಾಗುತ್ತದೆ.

ಇಂಥ ರಾಸಾಯನಿಕವನ್ನು ಹುಡುಕುವವರು ನೂರಾರು, ಕೆಲವೊಮ್ಮೆ ಸಾವಿರಾರು ಸಂಯುಕ್ತಗಳನ್ನು ತಯಾರಿಸುತ್ತಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಅವನ್ನು ಹಾಕಿ ನೋಡುತ್ತಾರೆ. ಅದರಲ್ಲಿ ಉಳಿದವನ್ನು ಇಲಿಗಳಿಗೆ ಕೊಟ್ಟು ನೋಡುತ್ತಾರೆ. ಅಲ್ಲಿಯೂ ಉಳಿದರೆ ಮನುಷ್ಯರ ಸರದಿ. ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ಎಷ್ಟು ಪ್ರಮಾಣ ತಡೆದೀತೆಂದು ನೋಡುವುದು. ಎರಡನೆಯ ಹಂತದಲ್ಲಿ ಗಡ್ಡೆ ಕರಗುತ್ತದೆಯೇ ಎಂದು ನೋಡುವುದು. ಮೂರನೆಯ ಹಂತದಲ್ಲಿ ನೂರಾರು ರೋಗಿಗಳಲ್ಲಿ ಹಳೆಯ ಔಷಧಿಯೊಡನೆ ತೂಗಿ ನೋಡುವುದು. ಹೀಗೆ ಹತ್ತು ವರ್ಷ, ಹದಿನೈದು ವರ್ಷ ಹಿಡಿಯುತ್ತದೆ. ಮನುಷ್ಯರ ಪರೀಕ್ಷೆಯವರೆಗೆ ಬಂದ ಹತ್ತು ಔಷಧಿಗಳಲ್ಲಿ ಸುಮಾರು ಒಂಬತ್ತು ದಡ ಸೇರುವುದಿಲ್ಲ. ಕ್ಯಾನ್ಸರ್ ಔಷಧಿಗಳಲ್ಲಂತೂ ದಡ ಸೇರುವವು ಇನ್ನೂ ಕಡಿಮೆ. ಬಿತ್ತಿದ ಹತ್ತು ಹೊಲಗಳಲ್ಲಿ ಒಂಬತ್ತು ಒಣಗುವುದು ಗೊತ್ತಿದ್ದೂ ಬಿತ್ತುವ ಒಕ್ಕಲುತನ ಇದು. ಬರ ಕಂಡ ನಮ್ಮ ಜನಕ್ಕೆ ಇದರ ಅರ್ಥ ಬೇಗ ಆದೀತು.

ಈಗ ನನ್ನ ತಂದೆಯವರ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೆ ಹೇಳದೆ ಈ ಲೇಖನ ಬರೆದರೆ ಅದು ಅರ್ಧ ಲೆಕ್ಕವಾದೀತು.

ನಮ್ಮ ತಂದೆ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವರು. ಮರಾಠಿ ಸಂತೆಯ ಮಟ್ಟಿಗೆ ಬರುತ್ತಿತ್ತು. ನಲವತ್ತು ವರ್ಷ ಸುಣ್ಣ-ತಂಬಾಕು ಬಾಯಲ್ಲಿಟ್ಟವರು. 2011ರಲ್ಲಿ ಅವರ ಗಲ್ಲದೊಳಗೆ ಹುಣ್ಣಾಯಿತು. ಅದು ಮಾಯಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಕಿರಣ ಚಿಕಿತ್ಸೆ ಮತ್ತು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ ಶುರುವಾಯಿತು. ಅದಕ್ಕೂ ಮುಂಚೆ ಒಂದು ದಿನ ತರುಣ ವೈದ್ಯೆಯೊಬ್ಬರು ನನ್ನನ್ನು ಹೊರಗೆ ಕರೆದು, ಇದೇ ಉಪಚಾರದ ಜೊತೆಗೆ ಇನ್ನೊಂದು ಹೊಸ ಔಷಧಿ ಸೇರಿಸಿ ನೋಡುವ ಪರೀಕ್ಷೆ ನಡೆದಿದೆ, ನಿಮ್ಮ ತಂದೆ ಅದಕ್ಕೆ ಸೇರಬಹುದೇ ಎಂದು ಕೇಳಿದರು. ಎಂಟು-ಹತ್ತು ಪುಟಗಳ ಮರಾಠಿ ಕಾಗದ ಕೊಟ್ಟರು. ನಾನು ಎರಡನೆಯ ಪುಟವನ್ನೂ ತಿರುವಲಿಲ್ಲ. "ನಮ್ಮನ್ನೇನು ಇಲಿ ಅಂತ ತಿಳಿದೀರೇನು? ಬಡವರು, ಹಳ್ಳಿಯವರು ಅಂತ ನಮ್ಮ ಮೇಲೆ ಪ್ರಯೋಗ ಮಾಡುತ್ತೀರೇನು?" ಎಂದು ಏರಿದ ದನಿಯಲ್ಲಿ ಮಾತನಾಡಿ ಕಾಗದ ಹಿಂದಿರುಗಿಸಿದೆ. ಆಕೆ ಮುಂದೆ ಮಾತನಾಡಲಿಲ್ಲ. ಒಳಗೆ ಬಂದಾಗ ತಂದೆ, "ಏನಂತಪಾ, ಏನ್ ಕೇಳಿದ್ರು?" ಎಂದರು. "ಏನಿಲ್ಲ, ಯಾವುದೋ ಒಂದು ಸಹಿ" ಎಂದೆ.

ತಿಂಗಳ ಮೇಲೆ ಪಕ್ಕದ ಹಾಸಿಗೆಯ ರೋಗಿಯಿಂದ ಅವರಿಗೆ ಎಲ್ಲ ಗೊತ್ತಾಯಿತು. ಆ ಮನುಷ್ಯ ಪರೀಕ್ಷೆಗೆ ಒಪ್ಪಿ ಸೇರಿದ್ದ. ತಂದೆ ನನಗೆ ಬೈಯಲಿಲ್ಲ. "ನನ್ನ ಬಾಯಿ, ನನ್ನ ರೋಗ. ನನ್ನ ಕೇಳಬೇಕಾಗಿತ್ತಲ್ಲೋ ತಮ್ಮಾ" ಎಂದರು. ಇಷ್ಟೇ ಮಾತು. ಮರುವರ್ಷ ಅವರು ಲಿಂಗೈಕ್ಯರಾದರು.

ಪರೀಕ್ಷೆಗೆ ಸೇರಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾದೀತು. ಹತ್ತರಲ್ಲಿ ಒಂಬತ್ತು ಔಷಧಿ ಸೋಲುತ್ತವೆ ಎಂದು ಮೇಲೆಯೇ ಬರೆದಿದ್ದೇನೆ. ಒಲ್ಲೆ ಎಂದದ್ದು ನನ್ನ ತಪ್ಪಲ್ಲ. ಒಲ್ಲೆ ಎನ್ನುವ ಅಧಿಕಾರ ನನ್ನದಾಗಿರಲಿಲ್ಲ, ಅದು ತಂದೆಯವರದಾಗಿತ್ತು. ಓದದೆ, ಕೇಳದೆ, ಅವರ ಪಾಲಿನ ಮಾತನ್ನು ನಾನು ಆಡಿಬಿಟ್ಟೆ. ತಪ್ಪಿರುವುದು ಅಲ್ಲಿ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ತಂದೆಗೆ ಸಿಸ್‌ಪ್ಲಾಟಿನ್ ಕೊಡುವ ದಿನ ಮೊದಲು ಬಾಟಲಿಗಟ್ಟಲೆ ಸಲಾಯಿನ್ ಹಾಕುತ್ತಿದ್ದರು, ಔಷಧಿ ಮುಗಿದ ಮೇಲೆ ಮತ್ತೆ ಸಲಾಯಿನ್. ದಿನವಿಡೀ ಆ ಹನಿಗಳನ್ನು ನೋಡುತ್ತ ಕೂತಿರುತ್ತಿದ್ದೆ. ಬಿಲ್ಲು ಹೆಚ್ಚಿಸಲು ಹೀಗೆ ಮಾಡುತ್ತಾರೇನೋ ಎಂಬ ಸಂಶಯವೂ ಬಂದಿತ್ತು. ಔಷಧ ಶಾಸ್ತ್ರ ಓದಿದ ನನ್ನ ಸೋದರಳಿಯ ವರ್ಷಗಳ ನಂತರ ಅದರ ಕಥೆ ಹೇಳಿದ.

ಸಿಸ್‌ಪ್ಲಾಟಿನ್ ಎಂಬುದು ಪ್ಲಾಟಿನಮ್ ಲೋಹದ ಸಂಯುಕ್ತ. ಇಟಲಿಯ ಮಿಕೇಲೆ ಪೆಯ್ರೋನೆ ಎಂಬ ರಸಾಯನ ಶಾಸ್ತ್ರಜ್ಞ 1845ರಷ್ಟು ಹಿಂದೆಯೇ ಅದನ್ನು ತಯಾರಿಸಿದ್ದ. ಅದರಿಂದ ರೋಗ ವಾಸಿಯಾದೀತೆಂದು 120 ವರ್ಷ ಯಾರಿಗೂ ಹೊಳೆದಿರಲಿಲ್ಲ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬೇರೆ ಯಾವುದೋ ಉದ್ದೇಶಕ್ಕೆ ಪ್ಲಾಟಿನಮ್ ತಂತಿಗಳಿಂದ ಸೂಕ್ಷ್ಮಜೀವಿಗಳಿದ್ದ ನೀರಿನಲ್ಲಿ ವಿದ್ಯುತ್ ಹರಿಸಿ ನೋಡುತ್ತಿದ್ದರು. ಆ ಜೀವಿಗಳು ಉದ್ದ ಬೆಳೆದವು, ಆದರೆ ಒಡೆದು ಎರಡಾಗಲಿಲ್ಲ. ವಿದ್ಯುತ್ತಿನಿಂದ ಹೀಗಾದದ್ದಲ್ಲ, ತಂತಿಯಿಂದ ಕರಗಿದ ಪ್ಲಾಟಿನಮ್ ಸಂಯುಕ್ತದಿಂದ ಎಂದು ಆಮೇಲೆ ತಿಳಿಯಿತು. ಒಡೆಯುವುದನ್ನು ತಡೆಯುವ ಪದಾರ್ಥವಾದರೆ ಕ್ಯಾನ್ಸರ್ ಕೋಶವನ್ನೂ ತಡೆದೀತಲ್ಲ ಎಂದು ಇಲಿಗಳಿಗೆ ಕೊಟ್ಟರು, ಗಡ್ಡೆ ಕರಗಿತು. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಕೆಲವರಲ್ಲಿ ಗಡ್ಡೆ ಕರಗಿತು, ಆದರೆ ಮೂತ್ರಪಿಂಡಗಳು ಕೆಟ್ಟವು. ಈ ಔಷಧಿಯ ಸಹವಾಸವೇ ಬೇಡವೆನ್ನುವಷ್ಟರ ಮಟ್ಟಿಗೆ ಪೆಟ್ಟು ಬಿತ್ತು. ಹೇರಳವಾಗಿ ಸಲಾಯಿನ್ ಕೊಟ್ಟು ಮೂತ್ರಪಿಂಡಗಳನ್ನು ತೊಳೆಯುತ್ತಿದ್ದರೆ ಈ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು ಅನಂತರ ಕಂಡುಬಂತು. 1978ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಮಂಜೂರಾತಿ ಕೊಟ್ಟಿತು. ಇಂದು ಜಗತ್ತಿನ ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಈ ಕಥೆ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಸಂಶಯದಿಂದ ನೋಡುತ್ತ ಕೂತಿದ್ದ ಆ ಸಲಾಯಿನ್ ಬಾಟಲಿಯ ಪಾಠವನ್ನು ಜಗತ್ತಿಗೆ ಕಲಿಸಿದವರು ಮೂತ್ರಪಿಂಡ ಕಳೆದುಕೊಂಡ ಆ ಮೊದಲ ರೋಗಿಗಳು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ಮಕ್ಕಳೂ "ನಮ್ಮಪ್ಪನನ್ನೇನು ಇಲಿ ಅಂತ ತಿಳಿದೀರಾ?" ಎಂದು ಕಾಗದ ಎಸೆದಿದ್ದರೆ ನನ್ನ ತಂದೆಗೆ ಆ ಒಂದು ವರ್ಷವೂ ಸಿಗುತ್ತಿರಲಿಲ್ಲವೇನೋ. ಅವರು ಮೊದಲು ಕುಡಿದ ಕಹಿಯ ಮೇಲೆ ನನ್ನ ತಂದೆಯ ಉಪಚಾರ ನಿಂತಿತ್ತು. ನಮ್ಮ ಸರದಿ ಬಂದಾಗ ನಾನು ಕಾಗದವನ್ನು ಓದಲೂ ಇಲ್ಲ.

ಇದು ಒಂದೇ ಔಷಧಿಯ ಕಥೆಯಲ್ಲ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಎಂಬ ಸಂಯುಕ್ತವನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1947ರ ಕೊನೆಯಿಂದ ರಕ್ತದ ಕ್ಯಾನ್ಸರಿನ ಎಳೆಯ ಮಕ್ಕಳಿಗೆ ಕೊಟ್ಟು ನೋಡಿದರು. ಆಗ ಆ ರೋಗ ಬಂದ ಮಗು ವಾರಗಳಲ್ಲಿ ಇಲ್ಲವೇ ಕೆಲವೇ ತಿಂಗಳಲ್ಲಿ ತೀರಿಹೋಗುತ್ತಿತ್ತು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯ ಪ್ರಕಾರ ಔಷಧಿ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಸುಧಾರಿಸಿದರು. ಆದರೆ ಆ ಸುಧಾರಣೆ ಕೆಲವು ತಿಂಗಳ ಮಟ್ಟಿಗಷ್ಟೇ. ರೋಗ ಮರಳಿ ಬಂತು. ಸುಬ್ಬರಾವ್ ಅವರೂ ಅದೇ ವರ್ಷ ತೀರಿಕೊಂಡರು. ಆ ಮಕ್ಕಳ ಮನೆಯವರ ಲೆಕ್ಕದಲ್ಲಿ ಅದು ಸೋಲು. ಆದರೆ ರಾಸಾಯನಿಕದಿಂದ ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದು ಎಂಬುದು ಜಗತ್ತಿಗೆ ಮನವರಿಕೆಯಾದದ್ದು ಆ ಕೆಲವು ತಿಂಗಳಲ್ಲಿ. ಅದೇ ವಂಶದ ಮೆಥೋಟ್ರೆಕ್ಸೇಟ್ ಇಂದೂ ಬಳಕೆಯಲ್ಲಿದೆ. ಒಳ್ಳೆಯ ಉಪಚಾರ ಸಿಗುವ ಕಡೆಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರಿನಿಂದ ಇಂದು ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ.

ನಮ್ಮಲ್ಲಿ ದಾಸೋಹವೆಂಬ ಮಾತನ್ನು ಅನ್ನದ ಮಟ್ಟಿಗೆ ಬಹಳ ಬಳಸುತ್ತೇವೆ. ಗುಡ್ಡಾಪುರದ ದಾನಮ್ಮ ತಾಯಿಯ ಸನ್ನಿಧಿಗೆ ಪಾದಯಾತ್ರೆಯಲ್ಲಿ ಹೋಗುವವರಿಗೆ ದಾರಿಯುದ್ದಕ್ಕೂ ಅನ್ನ-ನೀರು ಕೊಡುವವರನ್ನು ನೋಡಿದ್ದೇವೆ. ಕೊಡುವವನಿಗೆ ಉಣ್ಣುವವನ ಹೆಸರು ಗೊತ್ತಿರುವುದಿಲ್ಲ, ಉಣ್ಣುವವನಿಗೆ ಕೊಟ್ಟವನ ಹೆಸರು ಗೊತ್ತಿರುವುದಿಲ್ಲ. ದಾಸೋಹದ ಲಕ್ಷಣವೇ ಅದು. ಔಷಧಿಯೂ ಇಂಥದೊಂದು ದಾಸೋಹವೆಂದು ನನಗೆ ಈಗ ಅನಿಸುತ್ತದೆ. ವ್ಯತ್ಯಾಸ ಒಂದೇ. ಇಲ್ಲಿ ಅಡಿಗೆಗೆ ಮೊದಲು ಕೈಹಾಕಿದವರಲ್ಲಿ ಬಹಳ ಜನ ಉಣ್ಣದೆಯೇ ಎದ್ದುಹೋಗಿದ್ದಾರೆ.

ಇದೆಲ್ಲ ಬಾಸ್ಟನ್, ಮಿಷಿಗನ್ನಿನ ಮಾತಾಯಿತು, ನಮಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಹತ್ತಿರದ್ದೇ ಒಂದು ಉದಾಹರಣೆ ಕೊಡುತ್ತೇನೆ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ನಮ್ಮ ಭಾಗದ ಎಲ್ಲರಿಗೂ ಪರಿಚಿತ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ ಲಿಂಗಾಯತ ವಿದ್ಯಾಸಂಸ್ಥೆ ಅದು. ಅದರ ಬೆಂಗಳೂರಿನ ಔಷಧ ಮಹಾವಿದ್ಯಾಲಯದ ರಸಾಯನ ಶಾಸ್ತ್ರಜ್ಞ ಸುಭಾಸ್ ಕರ್ಕಿ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡವೂ ಕೂಡಿ ಕ್ಯಾನ್ಸರ್ ವಿರುದ್ಧ ಹೊಸ ಸಂಯುಕ್ತಗಳ ಹುಡುಕಾಟ ನಡೆಸಿದರು. ಅದರಲ್ಲಿ ಒಂದಕ್ಕೆ ಎಸ್.ಸಿ.ಆರ್.7 ಎಂದು ಹೆಸರು.

ಅದರ ತತ್ತ್ವ ಇಷ್ಟು. ಪ್ರತಿ ಜೀವಕೋಶದಲ್ಲಿ ವಂಶದ ಬರಹವಿರುವ ಡಿ.ಎನ್.ಎ. ಎಂಬ ಎರಡೆಳೆಯ ಹಗ್ಗವಿದೆ. ಎರಡೂ ಎಳೆ ಹರಿದರೆ ಕೋಶ ಬದುಕುವುದು ಕಷ್ಟ. ಅದಕ್ಕೆ ಹರಿದ ತುದಿಗಳನ್ನು ಹಿಡಿದು ಗಂಟು ಹಾಕುವ ಕೆಲಸಗಾರರೂ ಕೋಶದೊಳಗೇ ಇದ್ದಾರೆ. ಲೈಗೇಸ್ 4 ಎಂಬುದು ಅಂಥ ಒಬ್ಬ ಕೆಲಸಗಾರ. ಕಿರಣ ಚಿಕಿತ್ಸೆಯಿಂದ ಕ್ಯಾನ್ಸರ್ ಕೋಶದ ಹಗ್ಗ ಹರಿದರೂ ಈ ಕೆಲಸಗಾರ ಮತ್ತೆ ಗಂಟು ಹಾಕಿ ಅದನ್ನು ಬದುಕಿಸಿಬಿಡುತ್ತಾನೆ. ಅವನ ಕೈ ಕಟ್ಟಿಹಾಕಿದರೆ ಹರಿದದ್ದು ಹರಿದಂತೆಯೇ ಉಳಿದು ಕೋಶ ಸತ್ತೀತು. ಎಸ್.ಸಿ.ಆರ್.7 ಈ ಕೆಲಸ ಮಾಡುತ್ತದೆ, ಇಲಿಗಳಲ್ಲಿ ಕೆಲವು ಬಗೆಯ ಗಡ್ಡೆಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು 2012ರ ಡಿಸೆಂಬರಿನಲ್ಲಿ 'ಸೆಲ್' ಎಂಬ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ವಂಶವಾಹಿಗಳನ್ನು ತಿದ್ದುವ ಕೆಲಸಕ್ಕಾಗಿ ಬೇರೆ ದೇಶಗಳ ಪ್ರಯೋಗಾಲಯಗಳೂ ಅದನ್ನು ತರಿಸಿಕೊಂಡು ಬಳಸಿದವು.

ಕಥೆ ಅಲ್ಲಿಗೆ ಮುಗಿದಿದ್ದರೆ ಜಯಕಾರ ಹಾಕಿ ಬಿಡಬಹುದಿತ್ತು. 2016ರಲ್ಲಿ ಹೊರದೇಶದ ವಿಜ್ಞಾನಿಗಳ ತಂಡವೊಂದು ಈ ಸಂಯುಕ್ತವನ್ನು ಮರುಪರೀಕ್ಷೆ ಮಾಡಿ, ಇದರ ರಚನೆ ಮೊದಲು ಹೇಳಿದಂತೆ ಇಲ್ಲ, ಇದು ಲೈಗೇಸ್ 4 ಒಂದನ್ನೇ ಗುರಿಯಾಗಿಟ್ಟು ತಡೆಯುವುದೂ ಇಲ್ಲ ಎಂದು ತಕರಾರು ತೆಗೆಯಿತು. ಬೆಂಗಳೂರಿನವರು ಮತ್ತೆ ಕೂತು, ಸಂಯುಕ್ತ ಯಾವ ಯಾವ ರೂಪಗಳಿಗೆ ಬದಲಾಗುತ್ತದೆಂದು ಪರೀಕ್ಷಿಸಿ, ಆ ರೂಪಗಳೂ ಲೈಗೇಸ್ 4ರ ಮೂಲಕವೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ಎಂದು 2018ರಲ್ಲಿ ತಮ್ಮ ಉತ್ತರ ಪ್ರಕಟಿಸಿದರು. ಅದು ಇಂದಿಗೂ ಅಂಗಡಿಯಲ್ಲಿ ಸಿಗುವ ಔಷಧಿಯಾಗಿಲ್ಲ.

ಇದನ್ನು ಕೇಳಿ ಕೆಲವರು, "ಹಾಗಾದರೆ ಎಲ್ಲ ವ್ಯರ್ಥವಾಯಿತಲ್ಲ" ಎಂದಾರು. ಲೆಕ್ಕ ಬರೆಯುವವನಾಗಿ ನಾನು ಹಾಗೆ ಹೇಳಲಾರೆ. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ಬಂದು ತಪಾಸಣೆ ಮಾಡುವುದು, ತಕರಾರು ಎತ್ತಿದ್ದಕ್ಕೆ ಸಿಟ್ಟಾಗದೆ ಪುಸ್ತಕ ತೆರೆದು ಮತ್ತೆ ಕೂಡಿಸುವುದು, ಇದು ಒಳ್ಳೆಯ ಸಂಸ್ಥೆಯ ಲಕ್ಷಣ. ನಮ್ಮ ಮಠದ ಲೆಕ್ಕಕ್ಕೂ ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ. ಆಡಿಟ್‌ಗೆ ಹೆದರುವ ಲೆಕ್ಕದಲ್ಲಿ ಏನೋ ಇದೆ ಎಂದೇ ಅರ್ಥ. ಔಷಧಿಯ ವಿಷಯದಲ್ಲಂತೂ ತಪ್ಪು ಲೆಕ್ಕದ ಬೆಲೆಯನ್ನು ತೆರುವವನು ರೋಗಿ. "ನಮ್ಮ ಪುಡಿ ತಿಂದರೆ ಕ್ಯಾನ್ಸರ್ ಹೋಗುತ್ತದೆ" ಎಂದು ಜಾತ್ರೆಯಲ್ಲಿ ಕೂಗಿ ಮಾರುವವನ ಪುಡಿಗೂ ಪ್ರಯೋಗಾಲಯದ ಔಷಧಿಗೂ ಇರುವ ವ್ಯತ್ಯಾಸ ಇದೇ. ಅವನ ಲೆಕ್ಕ ನೋಡುವವರು ಯಾರೂ ಇಲ್ಲ. ತನ್ನ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡ ತ್ಯಾಗವೀರ ಸಿರಸಂಗಿ ಲಿಂಗರಾಜರಿಗೆ ಆ ಹಣದಿಂದ ಯಾರು ಓದಿ ಏನಾದಾರೆಂದು ಗೊತ್ತಿರಲಿಲ್ಲ. ಫಲ ಕಾಣುವ ಮೊದಲೇ ಕೊಡುವುದು ನಮ್ಮ ಹಿರಿಯರಿಗೆ ಹೊಸದಲ್ಲ.

ಇನ್ನು ಇಲಿಗಳ ವಿಷಯ. ದಯೆಯನ್ನು ದೊಡ್ಡದೆಂದು ನಂಬಿದ ನಮ್ಮ ಸಮಾಜದಲ್ಲಿ ಈ ಪ್ರಶ್ನೆ ಏಳಲೇಬೇಕು. ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯುವುದು ಸರಿಯೇ? ನೇರವಾಗಿ ಸರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನಾನು ನುಂಗಿದ ಮಾತ್ರೆಗಳ ಹಿಂದೆ ಅವು ಸತ್ತಿವೆ ಎಂಬುದನ್ನು ಮರೆತು ಶುದ್ಧನಂತೆ ಮಾತನಾಡಲೂ ಬಾರದು. ಇಲಿಗಳನ್ನು ಬಿಟ್ಟು ನೇರವಾಗಿ ಮನುಷ್ಯರಿಗೆ ಕೊಟ್ಟರೆ ಮೊದಲು ಸಾಯುವವರು ಬಡವರು. ಕಂಪ್ಯೂಟರಿನಿಂದ, ಗಾಜಿನ ತಟ್ಟೆಯ ಕೋಶಗಳಿಂದ ಎಷ್ಟು ತಿಳಿಯಬಹುದೋ ಅಷ್ಟನ್ನೂ ತಿಳಿದು ಇಲಿಗಳ ಸಂಖ್ಯೆ ಕಡಿಮೆ ಮಾಡುವ ಪ್ರಯತ್ನ ನಡೆದಿದೆ, ಅದು ಇನ್ನೂ ನಡೆಯಬೇಕು. ನಮ್ಮ ಕೈಲಿರುವುದು ಒಂದು ಕೆಲಸ: ಇಷ್ಟು ಜೀವಗಳ ಮೇಲೆ ನಿಂತ ಔಷಧಿ ಬೇಕಾಗದಂತೆ ಬದುಕುವುದು. ಮಹಾರಾಷ್ಟ್ರ ಸರ್ಕಾರ 2012ರಲ್ಲಿಯೇ ಗುಟಕಾ ನಿಷೇಧಿಸಿದೆ. ಆದರೂ ಅದು ಎಲ್ಲಿ ಸಿಗುತ್ತದೆಂದು ನಮ್ಮ ಮಕ್ಕಳಿಗೆ ಗೊತ್ತು. ನಮ್ಮ ಕಿರಾಣಿ ವ್ಯಾಪಾರಿ ಬಂಧುಗಳು ಇದನ್ನು ಓದುವಾಗ ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥನೆ.

ನನ್ನ ಸಿಟ್ಟಿನಲ್ಲಿಯೂ ಒಂದು ಸತ್ಯವಿತ್ತು ಎಂಬುದನ್ನು ಮುಚ್ಚಿಡಬಾರದು. ಬಡವರ ಮೇಲೆ ಅವರಿಗೆ ತಿಳಿಯದಂತೆ ಪ್ರಯೋಗ ನಡೆದದ್ದು ಕಟ್ಟುಕಥೆಯಲ್ಲ. 1999 ಮತ್ತು 2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ ಎರಡು ಡಜನ್‌ಗೂ ಹೆಚ್ಚು ರೋಗಿಗಳ ಮೇಲೆ ಅಮೆರಿಕದಿಂದ ಬಂದ ಹೊಸ ರಾಸಾಯನಿಕವೊಂದರ ಪರೀಕ್ಷೆ ನಡೆಯಿತು. 2001ರಲ್ಲಿ ಅದು ಬಯಲಾದಾಗ ದೊಡ್ಡ ಗದ್ದಲವಾಯಿತು. ತನ್ನ ವಿಜ್ಞಾನಿ ಇದಕ್ಕೆ ಬೇಕಾದ ಅನುಮತಿ ಪಡೆದಿರಲಿಲ್ಲ ಎಂದು ಅಲ್ಲಿಯ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವೇ ಒಪ್ಪಿಕೊಂಡಿತು. ತಿಳಿದು ಕೊಟ್ಟರೆ ದಾಸೋಹ, ತಿಳಿಯದಂತೆ ತೆಗೆದುಕೊಂಡರೆ ಕಳವು. ಎರಡರಲ್ಲೂ ಜೋಳ ಹಗೇವಿನಿಂದ ಹೊರಗೆ ಹೋಗುತ್ತದೆ ನಿಜ, ಆದರೆ ಎರಡೂ ಒಂದೇ ಅಲ್ಲ.

ಇಂಥವುಗಳಿಂದ ಪಾಠ ಕಲಿತು ನಮ್ಮ ದೇಶದಲ್ಲಿ ಕಟ್ಟಳೆಗಳು ಬಿಗಿಯಾಗಿವೆ. 2009ರಿಂದ ಪ್ರತಿಯೊಂದು ಪರೀಕ್ಷೆಯನ್ನೂ ಸರ್ಕಾರದ ನೋಂದಣಿ ಪುಸ್ತಕದಲ್ಲಿ ಮೊದಲೇ ದಾಖಲಿಸಬೇಕು. 2019ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಹೇಳಿ ಸಹಿ ಪಡೆಯಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಉಪಚಾರ ಪುಕ್ಕಟೆ ನಡೆಯಬೇಕು, ಪರಿಹಾರ ಕೊಡಬೇಕು. ಹೊಸ ಸಂಯುಕ್ತದ ಪರೀಕ್ಷೆಯಲ್ಲಿ ದುರ್ಬಲ ವರ್ಗದವರನ್ನು ಸೇರಿಸಿಕೊಳ್ಳುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೋ ಚಿತ್ರೀಕರಣ ಮಾಡಬೇಕು. ಗಡಿ ಭಾಗದವರಾದ ನಾವು "ಅರ್ಥವಾಗುವ ಭಾಷೆ" ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾಗದ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, "ನಮಗೆ ಕನ್ನಡದಲ್ಲಿ ಕೊಡಿರಿ, ಕನ್ನಡದಲ್ಲಿ ಹೇಳುವವರನ್ನು ಕರೆಯಿರಿ" ಎಂದು ಕೇಳುವುದು ಭಾಷೆಯ ಜಗಳವಲ್ಲ. ಅದು ರೋಗಿಯ ಹಕ್ಕು.

ಬೆಲೆಯ ವಿಷಯವಾಗಿ ಎರಡು ಮಾತು. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ನೆಕ್ಸಾವರ್ ಎಂಬ ಔಷಧಿಗೆ ಬಾಯರ್ ಕಂಪನಿ ತಿಂಗಳಿಗೆ 2 ಲಕ್ಷ 80 ಸಾವಿರ ರೂಪಾಯಿ ತೆಗೆದುಕೊಳ್ಳುತ್ತಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಅಧಿಕಾರಿಗಳು ಹೈದರಾಬಾದಿನ ನ್ಯಾಟ್ಕೋ ಕಂಪನಿಗೂ ಅದನ್ನು ತಯಾರಿಸಲು ಪರವಾನಗಿ ಕೊಟ್ಟರು. ತಿಂಗಳ ಬೆಲೆ 8,880 ರೂಪಾಯಿ ಎಂದು ಗೊತ್ತುಮಾಡಿ, ಮಾರಾಟದ ಮೇಲೆ ಶೇಕಡಾ 6ರಷ್ಟು ಬಾಯರ್‌ಗೆ ಸಲ್ಲಬೇಕೆಂದರು. ಬಂಡವಾಳ ಹಾಕಿದವನಿಗೆ ಲಾಭ ಬೇಡವೆಂದು ವ್ಯಾಪಾರಿಗಳ ಪತ್ರಿಕೆಯಲ್ಲಿ ನಾನು ಬರೆಯಲಾರೆ. ಲಾಭವಿಲ್ಲದಿದ್ದರೆ ಒಂಬತ್ತು ಸೋಲುಗಳ ಖರ್ಚನ್ನು ಯಾರು ಹೊರಬೇಕು? ಆದರೆ ಕಂಪನಿಯ ಆಢಾವೆ ಪತ್ರಿಕೆಯಲ್ಲಿ ಯಂತ್ರದ ಬೆಲೆ ಇರುತ್ತದೆ, ಸಂಬಳವಿರುತ್ತದೆ, ಬಡ್ಡಿಯಿರುತ್ತದೆ. ಮೊದಲ ಗುಟುಕು ಕುಡಿದ ರೋಗಿಗಳ ಪಾಲು ಯಾವ ಬದಿಯಲ್ಲೂ ಇರುವುದಿಲ್ಲ. ಅವರ ಬಂಡವಾಳವೂ ಅದರಲ್ಲಿದೆ ಎಂದು ಒಪ್ಪಿಕೊಂಡರೆ, ಅವರಂಥ ಬಡವರ ಕೈಗೆ ಎಟುಕದ ಬೆಲೆ ನ್ಯಾಯದ ಬೆಲೆಯಾಗಲಾರದು.

ಈಗ ದಾಳಿಂಬೆ ಬೆಳೆಗಾರರ ಪ್ರಶ್ನೆಗೆ ಬರುತ್ತೇನೆ. ಸಹಿ ಮಾಡಬೇಕೋ ಬಿಡಬೇಕೋ ಎಂದು ಹೇಳುವ ಅಧಿಕಾರ ನನಗಿಲ್ಲ. ನನ್ನ ತಂದೆಯ ವಿಷಯದಲ್ಲಿ ಮಾಡಿದ ತಪ್ಪನ್ನು ಇನ್ನೊಬ್ಬರ ಮನೆಯಲ್ಲಿ ಮಾಡಲಾರೆ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಹೇಳಬಲ್ಲೆ. ಈ ಪರೀಕ್ಷೆ ಯಾವ ಹಂತದ್ದು? ಈಗ ನಡೆದಿರುವ ಉಪಚಾರ ನಿಲ್ಲುತ್ತದೆಯೋ, ಅದರ ಜೊತೆಗೆ ಹೊಸದು ಸೇರುತ್ತದೆಯೋ? ಎಲ್ಲರಿಗೂ ಹೊಸ ಔಷಧಿ ಸಿಗುತ್ತದೆಯೋ, ಕೆಲವರಿಗೆ ಹಳೆಯದನ್ನೇ ಕೊಟ್ಟು ಹೋಲಿಸುತ್ತಾರೆಯೋ? ಇದುವರೆಗೆ ತೆಗೆದುಕೊಂಡವರಿಗೆ ಏನೇನು ತೊಂದರೆಯಾಗಿದೆ? ಖರ್ಚು ಯಾರದು, ತೊಂದರೆಯಾದರೆ ಹೊಣೆ ಯಾರದು? ನಡುವೆ ಬೇಡವೆನಿಸಿದರೆ ಬಿಡಬಹುದೇ? ಕೊನೆಯ ಪ್ರಶ್ನೆಗೆ ಉತ್ತರ ಕಾಯದೆಯಲ್ಲೇ ಇದೆ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆಂದು ಆಸ್ಪತ್ರೆಯವರು ಎಂದಿನ ಉಪಚಾರ ನಿಲ್ಲಿಸುವಂತಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಬೇಸರಪಡುವವರ ಬಳಿ ಸಹಿ ಮಾಡಬೇಡಿರಿ.

ಒಲ್ಲೆ ಎಂದರೆ ಪಾಪವಿಲ್ಲ. ದಾಸೋಹವನ್ನು ಒತ್ತಾಯದಿಂದ ಮಾಡಿಸಿದರೆ ಅದು ದಾಸೋಹವಾಗಿ ಉಳಿಯುವುದಿಲ್ಲ, ಕರವಾಗುತ್ತದೆ. ಒಪ್ಪಿದರೆ ಅದೂ ಪಾಪವಲ್ಲ. ತಿಳಿದು ಒಪ್ಪಿದ ರೋಗಿ ಪ್ರಯೋಗದ ಇಲಿಯಲ್ಲ. ಇಲಿಯನ್ನು ಯಾರೂ ಕೇಳುವುದಿಲ್ಲ, ಇಲಿ ಯಾರಿಗಾಗಿಯೂ ಕೊಡುವುದಿಲ್ಲ. ತನಗೆ ಗುಣವಾಗದಿದ್ದರೂ ತನ್ನ ನಂತರ ಬರುವವರಿಗೆ ದಾರಿ ತಿಳಿಯಲಿ ಎಂದು ಹಾಸಿಗೆಯ ಮೇಲಿನಿಂದಲೇ ಒಬ್ಬ ರೋಗಿ ಕೊಡಬಹುದಾದ ಕಾಣಿಕೆ ಅದು. ಹೊಲ-ಮನೆ ಇಲ್ಲದವರೂ ಕೊಡಬಲ್ಲ ಕಾಣಿಕೆ. ಆದ್ದರಿಂದ ಅದನ್ನು ಅವರ ಪರವಾಗಿ ಬೇರೆಯವರು ಕೊಡಲೂ ಬಾರದು, ನಾನು ಮಾಡಿದಂತೆ ತಡೆಯಲೂ ಬಾರದು.

ಕಳೆದ ವಾರ ಆ ಭಕ್ತರು ದೂರವಾಣಿ ಮಾಡಿದ್ದರು. ಏನು ನಿರ್ಧಾರ ಮಾಡಿದಿರಿ ಎಂದು ನಾನು ಕೇಳಲಿಲ್ಲ. "ತಾಯಿಯವರನ್ನು ಕೇಳಿದಿರಾ?" ಎಂದಷ್ಟೇ ಕೇಳಿದೆ. "ಕೇಳೀನ್ರಿ. ಕಾಗದ ಕನ್ನಡದಾಗ ಓದಿಸಿ ಹೇಳ್ರಿ, ಆಮ್ಯಾಲ ನಾನs ಹೇಳ್ತೀನಿ ಅಂದಾಳ್ರಿ" ಎಂದರು. ಕಾಗದಗಳನ್ನು ಮಠಕ್ಕೆ ತರಲು ಹೇಳಿದ್ದೇನೆ. ಒಂದೊಂದೇ ಪುಟವನ್ನು ಆ ತಾಯಿಯ ಮುಂದೆ ಕೂತು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಇಂಥ ಕಾಗದ ಬೇರೆ ಯಾರ ಮನೆಗೆ ಬಂದಿದ್ದರೂ ಸಂಕೋಚವಿಲ್ಲದೆ ಮಠದ ಕಾರ್ಯಾಲಯಕ್ಕೆ ಬರಬೇಕು. ರೋಗಿಯನ್ನೂ ಕರೆದುಕೊಂಡು ಬರಬೇಕು.

ಶರಣು ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ